ವಿಮಾನದ ಶೇರು, ನಾಚಾರಂನ ರೊಟ್ಟಿ

ಪ್ರೀತಿಯ ವೈನಿ,

ನಿಮ್ಮ ವಸು ಮಾಡುವ ನಮಸ್ಕಾರ. ನೀವು ಹೋಗಿ ಹತ್ತು ತಿಂಗಳಾಯಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಬರೆಯಲು ಕೂತಳು ಎಂದು ನಿಮಗನ್ನಿಸಬಹುದು. ಅಣ್ಣ ಹೇಳಿದ, ಅದಕ್ಕೆ. ನಿಮ್ಮ ಗಂಡ ಒಂದು ಕೆಲಸ ಹೇಳಿ, ನಾನು ಎದುರಾಡದೆ ಮಾಡಿದ್ದು ಬಹುಶಃ ಇದೇ ಮೊದಲು. ವಿಷಯ ಇಷ್ಟು: ಶೇರಿನ ವಿಚಾರದಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಆ ಸುಳ್ಳನ್ನು ನಂಬಿ ನೀವು ನನಗೆ ದೊಡ್ಡದೊಂದು ಗಂಟು ಬಿಟ್ಟುಹೋಗಿದ್ದೀರಿ. ಅದನ್ನು ನನ್ನ ಹೆಸರಿಗೆ ಮಾಡಿಕೊಳ್ಳುವ ಕಾಗದ ನನ್ನ ಸಹಿಗಾಗಿ ಎರಡು ತಿಂಗಳಿಂದ ಟಿವಿಯ ಪಕ್ಕದಲ್ಲಿ ಬಿದ್ದಿತ್ತು. ಸಹಿ ಹಾಕಲು ಕೈ ಬರಲಿಲ್ಲ.

ಬಾಗಲಕೋಟೆಯಿಂದ ನಾನು ತೆಲುಗು ನಾಡಿನ ಉಪ್ಪಲ್‌ಗೆ ಬಂದ ಮೊದಲ ವಾರ ನೆನಪಿದೆಯೇ? ಪಿಂಚಣಿ ವಿಭಾಗದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು, ನಿಮ್ಮ ಮನೆಯ ಮುಂದಿನ ಕೋಣೆ ನನಗೆಂದು ಖಾಲಿ ಮಾಡಿಸಿದ್ದಿರಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಪಟಪಟ ಸದ್ದು. ಹೊರಗೆ ಬಂದು ನೋಡಿದರೆ ನೀವು, ನಿಮ್ಮ ಕೈಗೆ ನೆರವಾಗುವ ಲಕ್ಷ್ಮಿ, ಎರಡು ಒಲೆ, ಮೊಣಕಾಲೆತ್ತರದ ರೊಟ್ಟಿಯ ಅಟ್ಟಿ. ನಾಚಾರಂನ ಕಾರ್ಖಾನೆಗಳಿಗೆ ಊಟಕ್ಕೆ ಜೋಳದ ರೊಟ್ಟಿ ಕಳಿಸುವುದು ನಿಮ್ಮ ಉದ್ಯೋಗ. ಅಲ್ಲಿಯ ಕೆಲಸಗಾರರಿಗೆ ನೀವು 'ಜೊನ್ನರೊಟ್ಟೆ ಅಮ್ಮ'. ಕಾರ್ಖಾನೆಗೆ ಹೋಗಿ ಕಬ್ಬಿಣ ಉಜ್ಜಿ ಬರುವ ಅಣ್ಣನಿಗಿಂತ ನಿಮ್ಮ ಹೆಸರೇ ಆ ರಸ್ತೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿತ್ತು. ಅವನಿಗೆ ಅದರಲ್ಲಿ ಹೆಮ್ಮೆಯೂ ಇತ್ತು, ಹೊರಗೆ ಹೇಳುತ್ತಿರಲಿಲ್ಲ ಅಷ್ಟೆ.

ನೀವು ಶೇರು ಕೊಳ್ಳುತ್ತೀರಿ ಎಂದು ಗೊತ್ತಾದ ದಿನ ನನಗೆ ಗಾಬರಿಯಾಗಿತ್ತು. ಅದೂ ಯಾರೂ ಹೆಸರು ಕೇಳದ ಸಣ್ಣ ಕಂಪನಿಗಳದು. ಯಾವ ಧೈರ್ಯದ ಮೇಲೆ ಕೊಳ್ಳುತ್ತೀರಿ ಎಂದು ಕೇಳಿದೆ. ನೀವು ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಹೇಳಿದಿರಿ:

"ಆ ವಾಲ್ವ್ ಕಂಪನಿಯವ್ರು ಹ್ವಾದ ವರ್ಷ ನಲವತ್ತು ರೊಟ್ಟಿ ತಗೋತಿದ್ರು. ಈಗ ಎಪ್ಪತ್ತು ತಗೊಳ್ಳಾಕತ್ತಾರ. ಐತಾರ ಸೂಟಿ ದಿನಾನೂ ಬೇಕಂತಾರ. ಕೆಲಸ ಇಲ್ಲದ ಯಾರರ ಐತಾರ ಮಂದೀನ್ನ ಕರಸ್ತಾರೇನು?"

"ರೊಟ್ಟಿ ಎಣಿಸಿ ಶೇರು ತಗೋತೀರೇನ್ರಿ ವೈನಿ?"

"ಬರೇ ಎಣಿಸಿದ್ರ ಆಗೂದಿಲ್ಲವಾ. ಯಾಕ ಹೆಚ್ಚಾತು, ಯಾಕ ಕಮ್ಮಿ ಆತು, ಕೇಳಬೇಕು."

ನಾನು ನಕ್ಕಿದ್ದೆ. ಎರಡನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಆಮೇಲೆ ನೋಡುತ್ತ ಬಂದೆ: ಯಾವ ಕಂಪನಿಯ ರೊಟ್ಟಿ ಕಡಿಮೆಯಾದರೂ ನೀವು ಆಟೋ ಹತ್ತಿ ಆ ಗೇಟಿಗೇ ಹೋಗುತ್ತಿದ್ದಿರಿ. ವಾಚ್‌ಮನ್ ಜೊತೆ, ವಾಲ್ವ್ ಕಂಪನಿಯಲ್ಲಾದರೆ ಮಲ್ಲೇಶನ ಜೊತೆ, ಚಹಾ ಕುಡಿದು, ಸಂಬಳ ಸರಿಯಾಗಿ ಆಗುತ್ತಿದೆಯೇ, ಲಾರಿ ತುಂಬಿ ಹೋಗುತ್ತಿವೆಯೇ ಎಂದೆಲ್ಲ ವಿಚಾರಿಸಿ ಬರುತ್ತಿದ್ದಿರಿ. ಅಷ್ಟಾದರೂ ಒಂದೆರಡು ಕಂಪನಿ ನಿಮಗೆ ಕೈಕೊಟ್ಟವು. ಒಂದರ ಶೇರು ಮಾರಬೇಕೆಂದು ನೀವು ಹದಿನೈದು ದಿನ ಕಾದರೂ ಕೊಳ್ಳುವವರೇ ಇರಲಿಲ್ಲ. "ಸಣ್ಣ ಅಂಗಡಿ ಇದ್ದಂಗ ಇದು, ಗಿರಾಕಿ ಬಂದಾಗ ಬಂದ್ರು" ಎಂದು ಸುಮ್ಮನಾದಿರಿ. ನಿಮಗೆ ಅಪಾಯ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೇ, ಹೋದರೆ ನಿದ್ದೆ ಕೆಡದಷ್ಟು ಮಾತ್ರ ಹಾಕುತ್ತಿದ್ದಿರಿ.

ಹಾಗಿದ್ದವರು ವಿಮಾನದ ವಿಚಾರದಲ್ಲಿ ಯಾಕೆ ಹಾಗೆ ಮರುಳಾದಿರಿ ವೈನಿ?

ಅಣ್ಣನ ಎಲ್‌ಟಿಸಿಯಲ್ಲಿ, ಕಾರ್ಖಾನೆಯವರೇ ಕೊಡುವ ಪ್ರವಾಸದ ಖರ್ಚಿನಲ್ಲಿ, ಕಾಶಿಗೆ ಹೊರಟಾಗ ನಾನೂ ಜೊತೆಗಿದ್ದೆ. ಮೂವರಿಗೂ ಅದೇ ಮೊದಲ ವಿಮಾನ. ಅಣ್ಣ ಏರುವ ಮೊದಲೇ ಬೆಲ್ಟು ಕಟ್ಟಿಕೊಂಡವನಂತೆ ಬಿಗಿಯಾಗಿದ್ದ. ನಾನು ಕಿಟಕಿಗೆ ಮೂಗು ಹಚ್ಚಿದ್ದೆ. ನೀವು ಮಾತ್ರ ಕತ್ತು ಹೊರಳಿಸಿ ಸೀಟು ಎಣಿಸುತ್ತಿದ್ದಿರಿ. ಖಾಲಿ ಇದ್ದದ್ದು ಎರಡೇ. ಗಾಡಿ ತಳ್ಳಿಕೊಂಡು ಬಂದ ಹುಡುಗಿಯ ಹತ್ತಿರ ಜನ ಉಪ್ಪಿಟ್ಟಿನ ಡಬ್ಬಿಗೆ ಕೇಳಿದಷ್ಟು ಕೊಟ್ಟು ತಿನ್ನುವುದನ್ನು ನೋಡಿ ನಿಮ್ಮ ಕಣ್ಣು ಅಗಲವಾಯಿತು. "ವಸೂ, ಇಷ್ಟು ಮಂದಿ ಉಣ್ಣಾಕತ್ತಾರ ಅಂದ್ರ ಈ ಕಂಪನಿ ಭಾಳ ಗಟ್ಟಿ ಐತಿ ನೋಡು" ಎಂದಿರಿ. ನಿಮ್ಮ ಲೆಕ್ಕದಲ್ಲಿ ಅದೊಂದು ಹಾರುವ ಕಾರ್ಖಾನೆಯಾಗಿತ್ತು. ಊರಿಗೆ ಮರಳಿದ ವಾರವೇ ನೀವು ಆ ವಿಮಾನ ಕಂಪನಿಯ ಶೇರು ಕೊಂಡಿರಿ. ಅದೂ ನಿದ್ದೆ ಕೆಡುವಷ್ಟು.

ಮತ್ತೊಂದು ಮುಂಜಾನೆ ನನಗೂ ಹೇಳಿದಿರಿ. ನನ್ನ ಒಂದು ಎಫ್‌ಡಿಯ ಅವಧಿ ಮುಗಿದು ಹಣ ಕೈಗೆ ಬಂದಿತ್ತು, ಅದು ನಿಮಗೆ ಗೊತ್ತಿತ್ತು. "ಬ್ಯಾಂಕಿನಾಗ ಇಟ್ರ ಏನ್ ಮರಿ ಹಾಕತೈತಿ? ನೀನೂ ತಗೋ" ಎಂದಿರಿ. ನಾನು ಹೂಂ ಎಂದು ಕಚೇರಿಗೆ ಹೋದೆ. ಜೀವನವಿಡೀ ಬೇರೆಯವರ ಪಿಂಚಣಿ ಕಾಗದ ನೋಡಿದವಳು ನಾನು, ಪೈಸೆ ಹೋದರೆ ಮನುಷ್ಯ ಹೇಗೆ ಕುಗ್ಗುತ್ತಾನೆಂದು ಕೌಂಟರಿನ ಈಚೆ ಕಡೆಯಿಂದ ಕಂಡವಳು. ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಅದೇ ಹಣವನ್ನು ಮತ್ತೆ ಎಫ್‌ಡಿ ಮಾಡಿ ಬಂದೆ. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ನೀವು ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಿರಿ. ಆ ಮುಖ ನೋಡಿ, ಇಲ್ಲ ಎನ್ನಲು ನನ್ನಿಂದ...

"ತಗೊಂಡೀನ್ರಿ ವೈನಿ" ಎಂದುಬಿಟ್ಟೆ.

ಅವತ್ತು ನೀವು ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಖಾರದ ಅಗಸಿ ಹಿಂಡಿ ಉದುರಿಸಿ ಕೊಟ್ಟಿರಿ. ತಿಂದೆ. ರುಚಿಯಾಗಿಯೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೊದಲ ಕೆಲವು ತಿಂಗಳು ಆ ಶೇರು ಏರಿತು. ನಿಮಗೆ ನನ್ನ ಪೇಚಾಟ ಗೊತ್ತಾಗಲೇ ಇಲ್ಲ. ನಾನು ಬಸ್ಸಿಗೆ ಓಡುವ ಹೊತ್ತಿಗೇ ನೀವು ಫೋನು ಹಿಡಿದು ಬಾಗಿಲಿಗೆ ಬರುತ್ತಿದ್ದಿರಿ: "ನಿನ್ನ ಶೇರು ಮತ್ತ ಏರೇತಿ ನೋಡು." ನಾನು ಇಲ್ಲದ ಶೇರಿಗೆ ಇಲ್ಲದ ಸಂತೋಷ ತೋರಿಸಬೇಕು. ಒಂದು ಸಲವಂತೂ ಆ ಲಾಭದಲ್ಲಿ ನನಗೊಂದು ಇಳಕಲ್ ಸೀರೆ ತೆಗೆದುಕೊಳ್ಳಲು ಹೇಳಿದಿರಿ. ನನ್ನ ಸಂಬಳದಲ್ಲಿ ಕೊಂಡು ತಂದು, ಶೇರಿನ ದುಡ್ಡಿನದೇ ಎಂದು ತೋರಿಸಿದೆ. ಒಂದು ಸುಳ್ಳಿಗೆ ಸೀರೆಯ ಖರ್ಚೂ ಬರುತ್ತದೆಂದು ಆಗ ತಿಳಿಯಿತು.

ಮಧ್ಯಾಹ್ನದ ಸುದ್ದಿಯಲ್ಲಿ ಆ ಕಂಪನಿಯ ವಿಮಾನಗಳು ಹಾರಾಟ ನಿಲ್ಲಿಸಿದವು ಎಂದು ಹೇಳಿದ ದಿನ ನನಗೆ ರಜೆಯಿತ್ತು. ವಿಮಾನಗಳು ಅವರವೇ ಅಲ್ಲವಂತೆ, ಬಾಡಿಗೆಯವು. ಬಾಡಿಗೆ ಕಟ್ಟುವುದು ಡಾಲರಿನಲ್ಲಿ. ಎಣ್ಣೆಯ ಬೆಲೆ ಎಲ್ಲಿಯೋ ಏರಿದರೆ ಇಲ್ಲಿ ನಷ್ಟ. ಟಿಕೆಟ್ಟಿನ ಬೆಲೆ ಏರಿಸಲು ಹೋದರೆ ಜನ ಪಕ್ಕದ ಕಂಪನಿಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಸಂಬಳವೂ ಆಗಿರಲಿಲ್ಲವಂತೆ. ಸೀಟು ತುಂಬಿದ್ದರೂ ಜೇಬು ಖಾಲಿ. ನಾಚಾರಂನಲ್ಲಾಗಿದ್ದರೆ ಸಂಬಳ ಆಗಿಲ್ಲವೆಂಬ ಸುದ್ದಿ ಮಲ್ಲೇಶನ ಚಹಾದ ಜೊತೆಗೇ ನಿಮಗೆ ಸಿಗುತ್ತಿತ್ತು. ವಿಮಾನಕ್ಕೆ ಎಲ್ಲಿಯ ಗೇಟು, ಎಲ್ಲಿಯ ವಾಚ್‌ಮನ್? ನೀವು ಎಣಿಸಿದ್ದೇನೋ ಸರಿಯಾಗಿಯೇ ಇತ್ತು, ಕೇಳಲು ಅಲ್ಲಿ ಯಾರೂ ಇರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಅವತ್ತು ನೀವು ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಿರಿ. "ನಂದು ಹೋದ್ರ ಹೋಗಲಿ, ಮತ್ತ ದುಡದೇನು. ನಿಂದೂ ಮುಳುಗಿಸಿದ್ನಲ್ಲ ನಾ. ಒಬ್ಬಾಕಿ ಅದೀ, ನಿನ್ನ ಮುಪ್ಪಿನ ದುಡ್ಡು..." ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಿರಿ. ಆಗಲೇ ಹೇಳಬೇಕಿತ್ತು ನಾನು. ಒಂದು ಪೈಸೆಯೂ ಹೋಗಿಲ್ಲ, ಬ್ಯಾಂಕಿನಲ್ಲಿ ಭದ್ರವಾಗಿದೆ ಎಂದರೆ ನಿಮ್ಮ ಅರ್ಧ ದುಃಖ ಇಳಿಯುತ್ತಿತ್ತು. ಆದರೆ ಹಾಗೆಂದರೆ, ನಿಮ್ಮ ಮಾತನ್ನು ನಾನು ಒಂದು ದಿನವೂ ನಂಬಲಿಲ್ಲ ಎಂದಂತಲ್ಲವೇ? ಇರುವ ಪೆಟ್ಟಿನ ಮೇಲೆ ಅದೊಂದು ಪೆಟ್ಟು ಯಾಕೆ ಎಂದುಕೊಂಡೆ. ಇದು ನಾನು ನನಗೇ ಹೇಳಿಕೊಂಡ ಸಬೂಬು. ನಿಜ ಹೇಳಬೇಕೆಂದರೆ ಸಿಕ್ಕಿಬೀಳುವ ಅಂಜಿಕೆ. "ಹೋಗ್ಲಿ ಬಿಡ್ರಿ ವೈನಿ" ಎಂದೆ. ಮೊದಲ ಸುಳ್ಳಿಗಿಂತ ಈ ಮಾತೇ ನನ್ನನ್ನು ಹೆಚ್ಚು ತಿಂದಿದೆ.

ಆಮೇಲಿನ ವರ್ಷಗಳಲ್ಲಿ ನೀವು ಇನ್ನೊಂದು ಹಂಚು ಹೆಚ್ಚಿಸಿದಿರಿ. ವಯಸ್ಸಾಯಿತು, ಸಾಕು ಮಾಡಿರಿ ಎಂದರೆ ಕೇಳಲಿಲ್ಲ. ಯಾಕೆಂದು ನನಗೆ ತಿಳಿದದ್ದು ನೀವು ಹೋದ ಮೇಲೆ. ಅಣ್ಣ ಕಾಗದ ತಂದು ನನ್ನ ಮುಂದಿಟ್ಟ. ವಾಲ್ವ್ ಕಂಪನಿಯ ಶೇರುಗಳು, ವರ್ಷವರ್ಷವೂ ಸ್ವಲ್ಪ ಸ್ವಲ್ಪ ಕೊಂಡವು. ನಾಮಿನಿಯ ಜಾಗದಲ್ಲಿ ನನ್ನ ಹೆಸರು.

"ಇವೆಲ್ಲಾ ನಿನ್ನವ" ಎಂದ ಅಣ್ಣ. "ಅಕಿ ಮದ್ಲ ಹೇಳಿದ್ಲು. ವಿಮಾನದಾಗ ವಸೂಂದು ಮುಳುಗಿಸೀನಿ, ತುಂಬಿಕೊಟ್ಟ ಹೋಗ್ತೀನಿ ಅಂತ. ನಾನೂ ಹೂಂ ಅಂದಿದ್ದೆ."

ಕಳೆದುಕೊಳ್ಳದ ಹಣಕ್ಕೆ ನಿಮ್ಮ ಮೊಣಕೈ ನೋವು, ನಿಮ್ಮ ಬೆಳಗಿನ ಜಾವಗಳು... ಅದನ್ನೆಲ್ಲ ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ? ಎರಡು ತಿಂಗಳು ಆ ಕಾಗದದ ಮೇಲೆ ದಿನಪತ್ರಿಕೆ ಹಾಕಿ ಮುಚ್ಚಿಟ್ಟೆ.

ಹೋದ ಸೋಮವಾರ ಲಕ್ಷ್ಮಿ ಬಂದಿದ್ದಳು. ಈಗ ರೊಟ್ಟಿಯ ಉದ್ಯೋಗ ಅವಳದೇ, ಚೆನ್ನಾಗಿ ನಡೆಸಿದ್ದಾಳೆ. ಮಾತಿನ ನಡುವೆ, ವಾಲ್ವ್ ಕಂಪನಿಯವರು ಎಪ್ಪತ್ತರಿಂದ ಹನ್ನೆರಡು ರೊಟ್ಟಿಗೆ ಇಳಿದಿದ್ದಾರೆ ಎಂದಳು. ನಿಮ್ಮ ದುಡಿಮೆಯೆಲ್ಲ ಇನ್ನೊಂದು ವಿಮಾನವಾಗಿ ಹೋಗುವುದೇ? ತಕ್ಷಣ ಸಹಿ ಹಾಕಿ, ಬಂದಷ್ಟಕ್ಕೆ ಮಾರಿ, ಹಣ ಅಣ್ಣನ ಕೈಗಿಡೋಣ ಎಂದು ಪೆನ್ನು ಹುಡುಕಿದೆ. ಆಗ ನಿಮ್ಮ ಆ ಎರಡನೆಯ ಮಾತು ನೆನಪಾಯಿತು. ಪೆನ್ನು ಬಿಟ್ಟು ಕೊಡೆ ಹಿಡಿದು ಆಟೋ ಹತ್ತಿದೆ.

ಗೇಟಿನಲ್ಲಿ ಮಲ್ಲೇಶನೇ ಇದ್ದ, ಕೂದಲು ಪೂರ್ತಿ ಬೆಳ್ಳಗಾಗಿದೆ. ಜೊನ್ನರೊಟ್ಟೆ ಅಮ್ಮನ ನಾದಿನಿ ಎಂದದ್ದೇ ತನ್ನ ಕುರ್ಚಿ ಬಿಟ್ಟುಕೊಟ್ಟ. ರೊಟ್ಟಿ ಯಾಕೆ ಕಡಿಮೆಯಾಯಿತು ಎಂದು ಕೇಳಿದೆ.

"ಲೋಪಲ ಕ್ಯಾಂಟೀನ್ ಪೆಟ್ಟಾರು ಅಮ್ಮಾ" ಎಂದ. ಒಳಗೇ ಕ್ಯಾಂಟೀನು ಮಾಡಿದ್ದಾರಂತೆ. ಹೊಸ ಶೆಡ್ಡು ಎದ್ದಿದೆ, ಎರಡನೆಯ ಪಾಳಿ ಶುರುವಾಗಿದೆ, ಅಷ್ಟು ಜನಕ್ಕೆ ಹೊರಗಿನಿಂದ ಊಟ ತರಿಸಿದರೆ ಪೂರೈಸುವುದಿಲ್ಲವಂತೆ. ಹಾಗಾದರೆ ಈ ಹನ್ನೆರಡು ಯಾರಿಗೆ? ಕ್ಯಾಂಟೀನಿನ ಅನ್ನ ಒಲ್ಲದ ಹಳಬರು, ನಿಮ್ಮ ಕೈರುಚಿ ಹಿಡಿದವರು. ಅವರಲ್ಲಿ ಮಲ್ಲೇಶನೂ ಒಬ್ಬ. ನಿಮ್ಮ ಸುದ್ದಿ ಕೇಳಿ ಅವತ್ತು ತಾನು ಉಣ್ಣಲಿಲ್ಲವೆಂದು ಹೇಳಿದ. ನಾವಿಬ್ಬರೂ ಸ್ವಲ್ಪ ಹೊತ್ತು ಲಾರಿಗಳನ್ನು ನೋಡುತ್ತ ಕೂತೆವು. ತುಂಬಿಯೇ ಹೋಗುತ್ತಿದ್ದವು.

ಮನೆಗೆ ಬಂದು ಅಣ್ಣನ ಮುಂದೆ ಎಲ್ಲ ಬಿಚ್ಚಿಟ್ಟೆ. ಶೇರು ಕೊಳ್ಳದ್ದು, ಕೊಂಡೆನೆಂದದ್ದು, ಸೀರೆ, ಎಲ್ಲ. ಬೈಯುತ್ತಾನೆಂದುಕೊಂಡಿದ್ದೆ. ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ.

"ನನ್ನ ಮುಂದ ಯಾಕ ಹೇಳ್ತಿ? ಹೇಳೂದಿದ್ರ ಅಕಿಗೆ ಹೇಳು" ಎಂದ. ಆಮೇಲೆ ಎದ್ದು, "ಪಾಪ, ಭಾಳ ಮನಸಿಗೆ ಹಚ್ಚಿಕೊಂಡಿದ್ಲು" ಎಂದಷ್ಟೇ ಹೇಳಿ ಒಳಗೆ ಹೋದ.

ಕ್ಷಮಿಸಿ ವೈನಿ. ಇದನ್ನು ನಿಮ್ಮ ಎದುರು ಕೂತು, ನಿಮ್ಮ ಹಿಟ್ಟಿನ ಕೈ ಹಿಡಿದು ಹೇಳಬೇಕಿತ್ತು.

ಈಗ ಸುದ್ದಿ ಕೇಳಿ. ನಿಮ್ಮ ಕಾಗದಕ್ಕೆ ನಿನ್ನೆ ಸಹಿ ಹಾಕಿದೆ, ನಾಮಿನಿಯ ಮೂಲಕವೇ ಹೋಗಬೇಕಂತೆ. ಅಲ್ಲಿಂದ ಶೇರುಗಳು ಅಣ್ಣನ ಹೆಸರಿಗೆ ಹೋಗುತ್ತವೆ. ಮೊದಲು ಒಲ್ಲೆ ಎಂದ. ನಿಮ್ಮಿಬ್ಬರಿಗೂ ಮಕ್ಕಳಿಲ್ಲ, ನಾಳೆ ನಿನಗೆ ಆಸರೆ ಬೇಡವೇ ಎಂದು ನಾನು ಜೋರು ಮಾಡಿದ ಮೇಲೆ ಒಪ್ಪಿದ. ಆ ಹಳೆಯ ಎಫ್‌ಡಿ ನೆನಪಿದೆಯಲ್ಲ, ವಿಮಾನದಲ್ಲಿ ಮುಳುಗಿತು ಎಂದು ನೀವು ಅತ್ತದ್ದು? ಇವತ್ತು ಬೆಳಿಗ್ಗೆ ಅದನ್ನು ಒಡೆಸಿದೆ. ಪೂರ್ತಿ ಹಾಕುವಷ್ಟು ಧೈರ್ಯ ನನಗಿಲ್ಲ, ನಿದ್ದೆ ಕೆಡದಷ್ಟು ಮಾತ್ರ ತೆಗೆದು ವಾಲ್ವ್ ಕಂಪನಿಗೆ ಹಾಕಿದೆ. ಏರಬಹುದು, ಬೀಳಬಹುದು. ಮುಳುಗಿದರೆ ಈ ಸಲ ನಿಜವಾಗಿಯೂ ನನ್ನದೇ ಮುಳುಗುತ್ತದೆ. ತಿಂಗಳಿಗೊಮ್ಮೆ ಮಲ್ಲೇಶನ ಜೊತೆ ಚಹಾ ಕುಡಿದು ಬರುತ್ತೇನೆ.

ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳುತ್ತಿದ್ದೇನೆ, ತಿರುಗಿ ನೋಡಿರಿ. ತಗೊಂಡೀನ್ರಿ ವೈನಿ.

ನಿಮ್ಮ
ವಸು