ರೈನ್ ದಂಡೆಯಲ್ಲಿ ಮಂಡಕ್ಕಿ

೬ ಮೇ ೧೯೬೨, ಭಾನುವಾರ. ಕಲೋನ್, ಜರ್ಮನಿ.

ಆನೆಕೊಂಡದ ಭಾವಮೈದುನ ಓಬಯ್ಯನಿಗೆ ಇವತ್ತೂ ಕಾಗದ ಬರೆಯಲಿಲ್ಲ. ‘ಶ್ರಾವಣಕ್ಕೆ ನಾನು ಊರಿಗೆ ಬಂದುಬಿಡ್ತೀನಿ ಅಂತ ತಮ್ಮಗೆ ಬರೀರಿ’ ಎಂದು ಹೆಂಡತಿ ಉಚ್ಚೆಂಗೆಮ್ಮ ಹೇಳಿ ವಾರವಾಯಿತು. ನಾನು ಕಾರ್ಖಾನೆಗೆ, ಮಗಳು ಗಿರಿಜೆ ಶಾಲೆಗೆ ಹೋದ ಮೇಲೆ ಅವಳಿಗೆ ಮಾತಾಡಲು ಯಾರೂ ಇಲ್ಲ.

ಊರು ನೋಡಲು ಮೂವರೂ ಹೊರಟು, ಕೊನೆಗೆ ರೈನ್ ನದಿಯ ದಂಡೆಗೆ ಬಂದೆವು. ಇದು ಹರಿಹರದ ಹೊಳೆಗಿಂತ ದೊಡ್ಡದೇ ಎಂದು ಮಗಳು ಕೇಳಿದಳು.

‘ಇಷ್ಟು ನೀರೈತೆ, ಬಟ್ಟೆ ಒಗಿಯಾಕ ಒಂದು ಕಲ್ಲಿಲ್ಲ’ ಎಂದಳು ತಾಯಿ.

ಬೆಂಚಿನ ಮೇಲೆ ಡಬ್ಬಿ ತೆರೆದಳು. ದಾವಣಗೆರೆಯಿಂದ ತಂದದ್ದರಲ್ಲಿ ಉಳಿದ ಕೊನೆಯ ಮಂಡಕ್ಕಿ, ಒಗ್ಗರಣೆ ಹಾಕಿದ್ದು. ಪಕ್ಕದಲ್ಲಿ ಒಬ್ಬ ಜರ್ಮನ್ ಮುದುಕಿ ಕೂತಿದ್ದಳು. ನಮ್ಮ ರೈಲಿನಲ್ಲಿ ಎದುರು ಕೂತವರಿಗೆ ಹೇಳುವಂತೆ, ‘ಬರ್ರಿ ಅಜ್ಜಿ, ತಿನ್ರಿ’ ಎಂದಳು ಉಚ್ಚೆಂಗೆಮ್ಮ. ನಮ್ಮ ಕಡೆ ‘ಆತು, ನೀವು ತಿನ್ರಿ’ ಎಂದರೆ ಅಲ್ಲಿಗೆ ಮುಗಿಯಿತು. ಮುದುಕಿಗೆ ಅದು ಗೊತ್ತಿಲ್ಲ. ಕೈಗವಸು ಕಳಚಿ ಬೊಗಸೆ ಒಡ್ಡಿದಳು.

ಉಚ್ಚೆಂಗೆಮ್ಮ ಗಾಬರಿಯಿಂದ ನನ್ನ ಕಡೆ ನೋಡಿ, ಆಮೇಲೆ ಬೊಗಸೆ ತುಂಬಿಸಿದಳು. ಬಿಸಿಲು ಇಳಿಯುವವರೆಗೆ ಮುದುಕಿ ಜರ್ಮನ್‌ನಲ್ಲಿ, ಇವಳು ಕನ್ನಡದಲ್ಲಿ ಮಾತಾಡಿದರು. ನಾನು ನಡುವೆ ಅರ್ಥ ಹೇಳಲು ಹೋದೆ.

‘ನೀವು ಸುಮ್ನಿರ್ರಿ.’

ಅವಳು ನನ್ನನ್ನು ಗದರಿ ಎಷ್ಟು ತಿಂಗಳಾಗಿತ್ತು.

ಈಗ ಹಾಸಿಗೆಯಿಂದಲೇ ಕೇಳಿದಳು: ‘ಏನ್ರಿ, ತಮ್ಮಗೆ ಬರದ್ರೇನು?’

‘ಇನ್ನೂ ಇಲ್ಲ.’

‘ಒಂದು ಚೀಲ ಮಂಡಕ್ಕಿ ಕಳಸು ಅಂತ ಬರೀರಿ. ಅಜ್ಜಿ ಮತ್ತೆ ಬರ್ತೀನಿ ಅಂದಾಳ.’

ಯಾವ ಭಾಷೆಯಲ್ಲಿ ಅಂದಳೋ, ಕೇಳಲಿಲ್ಲ. ಹಡಗಿನಲ್ಲಿ ಮಂಡಕ್ಕಿ ಬಂದು ಸೇರುವಾಗ ಶ್ರಾವಣವೇ ಆಗಿರುತ್ತದೆ. ಅದನ್ನು ನಾನಾಗಿ ಅವಳಿಗೆ ಹೇಳುವುದಿಲ್ಲ.