ಬಂಡೆಯ ಮೇಲಿನ ಬಿಳಿ ಗೆರೆ

ತಂಗಿ ಜಯಾ,

ಓರಗಿತ್ತಿಗೆ ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿದ್ದೂ ಒಂಬತ್ತು ವರ್ಷ ಮಾತಾಡದವರು ನಾವು. ನೀನು ಕಣ್ಣು ಮುಚ್ಚಿ ಎರಡು ಸುಗ್ಗಿ ಕಳೆದವು. ತಿಳಿಸಬೇಕಾದ ವಿಷಯ ಒಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಪಾಲಾದ ದಿನ ನೆನಪಿದೆಯೇ? ಹೊಲವನ್ನು ಹಗ್ಗ ಹಿಡಿದು ಅಳೆದರು. ಒಕ್ಕಣೆ ಮಾಡುವ ಹಾಸುಬಂಡೆಗೆ ಬಂದಾಗ ಮಾವಯ್ಯ ಹಗ್ಗ ಸುತ್ತಿಟ್ಟು, ಕಪ್ಪು ಕಲ್ಲಿನ ನಡುವೆ ಗೇಣಗಲ ಹರಿದಿದ್ದ ಬಿಳಿ ಗೆರೆಯನ್ನು ಕೋಲಿನಿಂದ ತೋರಿಸಿದರು. "ಇದ್ಕಿಂತ ಗಡಿ ಬೇಕಾ? ಮೂಡ್ಲ ಕಡೇದು ದೊಡ್ಡೋನ್ಗೆ, ಪಡುವ್ಲ ಕಡೇದು ಚಿಕ್ಕೋನ್ಗೆ." ಅಂದಿನಿಂದ ಸುಗ್ಗಿಗೆ ಮುಂಚೆ ನಾನು ನನ್ನ ಕಡೆ ಸಗಣಿ ಸಾರಿಸುತ್ತಿದ್ದೆ, ನೀನು ನಿನ್ನ ಕಡೆ. ಗೆರೆಯನ್ನು ಮಾತ್ರ ಇಬ್ಬರೂ ಬಿಡುತ್ತಿದ್ದೆವು.

ಬಂಡೆಯ ಕೆಳತುದಿಯ ಮಣ್ಣು ಕೆರೆದವಳು ನೀನೇ. ಗೆರೆ ಅಲ್ಲಿ ಮೊಣಕೈಯಂತೆ ಬಾಗಿ ನನ್ನ ಕಡೆಗೆ ನುಗ್ಗಿತ್ತು. ಗೆರೆ ನೆಟ್ಟಗಿದೆಯೆಂದು ನಾನು ಬಳಸುತ್ತಿದ್ದ ಸಮತಟ್ಟು ಜಾಗ ನಿನಗೆ ಸೇರಬೇಕಿತ್ತು.

"ನೋಡಕ್ಕ, ಅದೇ ಗೆರೆ ಇಂಗೆ ತಿರೀಕಂಡದೆ" ಎಂದೆ ನೀನು.

"ಅದೇ ಬೇರೆ, ಇದೇ ಬೇರೆ. ಕಣ್ಣುಜ್ಕೊಂಡು ನೋಡು."

"ಬ್ರಹ್ಮನೇ ಬಂದು ಗೆರೆ ಎಳುದ್ರೂ ನೀನು ಸೊಟ್ಟ ಅಂತೀಯ ಬುಡಕ್ಕ."

ಅದೇ ನೀನು ನನ್ನೊಡನೆ ಆಡಿದ ಕೊನೆಯ ಮಾತು.

ಆಮೇಲೆ ನೀನು ಟಾರು ರಸ್ತೆಯಲ್ಲಿ ರಾಗಿ ಹರಡಿ, ಬಸ್ಸಿನ ಗಾಲಿಗೆ ಒಕ್ಕಲು ಬಿಟ್ಟು, ಬಿಸಿಲಲ್ಲಿ ನಿಂತಿರುತ್ತಿದ್ದೆ. ನಿನ್ನ ಪಾಲಿನ ಬಂಡೆ ಇಳಿಜಾರು, ತೆನೆ ನಿಲ್ಲುತ್ತಿರಲಿಲ್ಲ. "ಅವ್ರ ಮನೆ ಮುದ್ದೆ ನುಂಗುದ್ರೆ ಗಂಟ್ಲಿಗೆ ಜಲ್ಲಿ" ಎಂದು ನಲ್ಲಿಯ ಹತ್ತಿರ ಎಲ್ಲರನ್ನೂ ನಗಿಸಿದವಳು ನಾನೇ. ನಿನಗೆ ಕೇಳಿಸಿತ್ತು, ಅಲ್ಲವೇ? ನೀನು ಬಿಂದಿಗೆ ಎತ್ತಿಕೊಂಡು ನಡೆದೆ. ಆಗಲಾದರೂ ನಾನು…

ಹೋದ ತಿಂಗಳು ಮೈಸೂರಿನಿಂದ, ಕಲ್ಲಿನ ವಿಷಯ ಓದುವ ಹುಡುಗಿಯೊಬ್ಬಳು ಸುತ್ತಿಗೆ, ಭೂತಗನ್ನಡಿ ಹಿಡಿದು ಬಂದಳು. ಬಂಡೆಯ ಮೇಲೆ ಬೋರಲು ಮಲಗಿ ನೋಡಿದಳು. ಮುನ್ನೂರು ಕೋಟಿ ವರ್ಷದಷ್ಟು ಹಳೆಯದಿರಬಹುದಂತೆ. ಭೂಮಿಯ ಆಳದ ಕಾವಿಗೆ ಕಲ್ಲು ಅರ್ಧಂಬರ್ಧ ಕರಗಿತಂತೆ. ಕರಗಿದ್ದು ಬಿಳಿ ಗೆರೆಯಾಯಿತು, ಕರಗದೆ ಉಳಿದದ್ದು ಕಪ್ಪು.

"ಅಂದ್ರೆ ಬಿಳೀದು ಒರ್ಗಿಂದ ಬಂದು ಸೇರ್ಕಂಡಿದ್ದಲ್ವಾ?"

"ಕೆಲವು ಕಡೆ ಹಾಗೂ ಆಗುತ್ತೆ ಅಜ್ಜಿ. ಇದು ಮಾತ್ರ ಇದೇ ಕಲ್ಲಿನ ಒಳಗಿಂದ ಬಂದಿರೋದು."

ಕೇಳಬಾರದೆಂದುಕೊಂಡಿದ್ದನ್ನೂ ಕೇಳಿದೆ. "ಆ ಕೆಳ್ಗಿನ ಗೆರೆ?"

ಅವಳು ಮೇಲಿನಿಂದ ಬಾಗಿದ ಕಡೆಯ ತನಕ ಬೆರಳು ಎಳೆದುಕೊಂಡು ಹೋದಳು. "ಎರಡೂ ಒಂದೇ. ಕಲ್ಲು ಮೆತ್ತಗಿದ್ದಾಗ ಮಡಿಸಿಕೊಂಡಿದೆ, ಅಷ್ಟೆ."

ಅವಳು ಹೇಳಿ ನನಗೆ ತಿಳಿದದ್ದಲ್ಲ ಜಯಾ. ಆ ದಿನ ನೀನು ಮನೆಗೆ ಹೋದ ಮೇಲೆ ನಾನೂ ಹಾಗೆಯೇ ಬೆರಳಿಟ್ಟು ನೋಡಿದ್ದೆ.

ಕಳೆದ ವಾರ ನಿನ್ನ ಸೊಸೆ ಸವಿತ ರಾಗಿ ಹೊರೆ ಹೊತ್ತು ರಸ್ತೆಗೆ ಹೊರಟಿದ್ದಳು. "ಎಲ್ಗೆ? ಬಂಡೆ ಮೇಲಾಕು" ಎಂದೆ.

"ಯಾವ ಕಡೀಕೆ ದೊಡ್ಡತ್ತೆ?" ಹೆದರಿ ನಿಂತಳು.

ಸಗಣಿ ಕಲಸಿ ಎರಡೂ ಕಡೆ ಸಾರಿಸಿದೆ, ಗೆರೆಯ ಮೇಲೂ. ಸೊಂಟ ಇನ್ನೂ ನೋಯುತ್ತಿದೆ. ಮಳೆ ಬಿದ್ದರೆ ತೊಳೆದುಹೋಗಿ ಗೆರೆ ಮತ್ತೆ ಕಾಣುತ್ತದೆ. ಕಾಣಲಿ. ಮುಂದಿನ ಸುಗ್ಗಿಗೂ ನಾನೇ ಸಾರಿಸುತ್ತೇನೆ.

ನಿನ್ನೆ ನಿಮ್ಮ ಮನೆಯಲ್ಲಿ ಮುದ್ದೆ ಉಂಡೆ. ಕಲ್ಲು ಸಿಗಲಿಲ್ಲ.

ನಿನ್ನ ಅಕ್ಕ