ಹಗ್ಗ ಹೇಳಿದ ಸುಳ್ಳು

ಸಿದ್ದಣ್ಣಾ,

ನೀನು ಮಲಗಿರುವ ನೆಲವನ್ನು ಹೋದ ವಾರ ಮತ್ತೆ ಅಳೆದರು. ನಿನ್ನನ್ನು ಅಲ್ಲಿಂದ ಎತ್ತಬೇಕು ಎಂಬ ಮಾತು ಬಂದಿತ್ತು. ಆ ಮಾತು ಬರುವಂತೆ ಮಾಡಿದವರು ಯಾರು ಗೊತ್ತೆ? ನಾವಿಬ್ಬರೇ. ಹೋರಾಟಗಾರ ಎದುರಾಳಿಯ ತಪ್ಪು ಹೇಳುವಷ್ಟೇ ಗಟ್ಟಿಯಾಗಿ ತನ್ನ ತಪ್ಪನ್ನೂ ಹೇಳಬೇಕು ಎಂದು ಕಲಿಸಿದವನು ನೀನು. ಅದಕ್ಕೇ ಬರೆಯುತ್ತಿದ್ದೇನೆ. ನಗು ತಡೆದುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನಪ್ಪ ಕಾಳಯ್ಯ ನೆನಪಾಗುತ್ತಾನೆ, ಊರಿನ ಕುಳವಾಡಿ. ಹೊಲದವರು ಬದುವಿಗಾಗಿ ಕಿತ್ತಾಡಿದರೆ ಅವನ ತಲೆಯ ಮೇಲೆ ಹಸಿಮಣ್ಣಿನ ಉಂಡೆ ಇಟ್ಟು ಗಡಿಯ ಮೇಲೆ ನಡೆಸುತ್ತಿದ್ದರು. ದಾರಿ ತಪ್ಪಿದರೆ ಉಂಡೆ ಒಡೆಯುತ್ತದೆ ಎಂಬ ನಂಬಿಕೆ. ಅವನು ನಡೆದದ್ದೇ ಗೆರೆ. ಊರಿನ ಒಂದೊಂದು ಗಡಿಕಲ್ಲೂ ಅವನ ಅಂಗಾಲಿಗೆ ಗೊತ್ತಿತ್ತು. ಅಂಥವನು ಸತ್ತಾಗ ಹೂಳಲು ನಮ್ಮ ಕೇರಿಗೆ ಅಂತ ಒಂದು ಗೇಣು ನೆಲವಿರಲಿಲ್ಲ. ಹಳ್ಳದ ದಂಡೆಯಲ್ಲಿ ಹೂತೆವು. ಆ ಮಳೆಗಾಲ ಹಳ್ಳ ತುಂಬಿ ಬಂದಾಗ... ಬೇಡ ಬಿಡು. "ಊರ ಗಡಿಯೆಲ್ಲಾ ನಮ್ಮಪ್ಪನ ತಲೆ ಮ್ಯಾಲಿತ್ತು, ಕಾಲ್ ಕೆಳಗೆ ಏನೂ ಇರ್ನಿಲ್ಲ ಕಣ್ಲಾ" ಎಂದೆಯಲ್ಲ, ಆ ದಿನವೇ ನಾನು ನಿನ್ನ ಹಿಂದೆ ಹೊರಟದ್ದು.

ಕೇರಿಗೆ ಸ್ಮಶಾನ ಕೊಡಿ ಎಂಬ ಕರಪತ್ರ ಅಚ್ಚು ಹಾಕಿಸಲು ಶ್ರೀರಂಗಪಟ್ಟಣದಲ್ಲಿ ದಿನವಿಡೀ ಕೂತದ್ದು ನೆನಪಿದೆಯಾ? ಮೊಳೆ ಜೋಡಿಸುವವನು ಒಂದೊಂದೇ ಅಕ್ಷರ ಹೆಕ್ಕುತ್ತಿದ್ದರೆ, ನೀನು ಅವನ ಬೆನ್ನ ಹಿಂದೆ ನಿಂತು "ಬ್ಯಾಗ ಜೋಡ್ಸಪ್ಪಾ, ಅಷ್ಟೊತ್ಗೆ ಇನ್ನೊಬ್ರು ಸತ್ತೋಗ್ತಾರೆ" ಅನ್ನುತ್ತಿದ್ದೆ. ಶಾಯಿ ಆರದ ಕಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆವು. ನನ್ನ ಬಿಳಿ ಪಂಚೆಯ ಮೇಲೆ ನಮ್ಮ ಬೇಡಿಕೆಗಳೆಲ್ಲ ಉಲ್ಟಾ ಅಚ್ಚಾಗಿದ್ದವು. ಈಗ ಅಷ್ಟನ್ನೂ ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು, ಅದೇ ಬರೆದುಕೊಂಡು ನಾಗಮಂಗಲದ ಗೆಳೆಯರಿಗೆ ಮುಟ್ಟಿಸುತ್ತದೆ. ಓದುತ್ತಾರಾ ಎಂದು ಕೇಳಬೇಡ. ಹೆಬ್ಬೆರಳು ಎತ್ತಿದ ಒಂದು ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಹೆಬ್ಬೆಟ್ಟು ಬಿಡಿಸಬೇಕೆಂದು ಕೇರಿ ಕೇರಿಯಲ್ಲಿ ಸ್ಲೇಟು ಹಂಚಿದವರು ನಾವು, ಈಗ ಓದಿದವರೆಲ್ಲ ಹೆಬ್ಬೆಟ್ಟಿಗೇ ವಾಪಸ್ಸು.

ನಿನಗೆ ಮೊದಲ ಮೊಬೈಲು ಬಂದ ದಿನ ಕೆರೆ ಏರಿ ಹತ್ತಿ ಕಿರುಚಿದ್ದು ಅರ್ಧ ಊರಿಗೆ ಕೇಳಿತ್ತು. ಯಾಕಣ್ಣ ಇಷ್ಟು ಕೂಗ್ತೀಯ ಎಂದರೆ, "ಪಾಂಡವಪುರ ಏನ್ ಇಲ್ಲೇ ಅದಾ? ಮೆತ್ತಗೆ ಮಾತಾಡುದ್ರೆ ಎಂಗ್ಲಾ ಮುಟ್ಟದು?" ನಾನು ಅಂದು ಬಿದ್ದು ಬಿದ್ದು ನಕ್ಕೆ. ನನ್ನ ಸರದಿಯೂ ಬರುತ್ತದೆ ಎಂದು ಗೊತ್ತಿರಲಿಲ್ಲ.

ಸ್ಮಶಾನ ಮಂಜೂರಾಗಿ, ಕೆ.ಆರ್. ಪೇಟೆಯಿಂದ ಸರ್ವೆಯವರು ಕಬ್ಬಿಣದ ಸರಪಳಿ ತಂದ ದಿನ ಒಂದು ತುದಿ ನೀನು ಹಿಡಿದೆ, ಇನ್ನೊಂದು ತುದಿ ನಾನು. ಸರ್ಕಾರದ ಸರಪಳಿಯನ್ನು ನಂಬದ ನೀನು ಅದರ ಪಕ್ಕದಲ್ಲೇ ಸೆಣಬಿನ ಹಗ್ಗ ಹಾಸಿ ಅಳತೆಗೆ ಗಂಟು ಹಾಕಿಸಿದೆ. "ಕಾಗ್ದ ಸುಳ್ ಹೇಳ್ಬೋದು ಕಣ್ಲಾ, ಹಗ್ಗ ಹೇಳಾಕಿಲ್ಲ." ಎಂಥ ಮಾತು ಎಂದು ನಾನು ಭಾಷಣಗಳಲ್ಲೆಲ್ಲ ಬಳಸಿದೆ. ಎರಡು ದಿನ ಬಿಟ್ಟು ಕಲ್ಲು ನೆಡಲು ಹೋದರೆ ಮೂಡಲ ಬದಿಯ ಗುರುತಿನ ಗೂಟಗಳನ್ನು ದನ ತುಳಿದು ಮಲಗಿಸಿದ್ದವು. ನೀನು ಹಗ್ಗ ತರಲು ಮನೆಗೆ ಓಡಿದೆ. ಬರುವಾಗ ಸೈಕಲ್ ಸಮೇತ ನಾಲೆಗೆ ಬಿದ್ದೆ. ತಲೆ ಮೇಲೆ ಪಾಚಿ, ಹೆಗಲ ಮೇಲೆ ನೀರು ಸುರಿಯುವ ಹಗ್ಗ, ಬಾಯಲ್ಲಿ ಘೋಷಣೆ. ಆ ಹಗ್ಗವನ್ನೇ ಎಳೆದು, ಗಂಟು ಬಂದಲ್ಲಿ ಕಲ್ಲು ನೆಟ್ಟೆವು. ಕೇರಿಯೆಲ್ಲ ಕುಣಿಯಿತು.

ನೀನು ತೀರಿಕೊಂಡ ವರ್ಷ, ಆ ಕಲ್ಲಿನಾಚೆ ಒಂದೂವರೆ ಮಾರು ದೂರದ ಹೊಂಗೆ ಮರದ ಕೆಳಗೇ ನಿನ್ನನ್ನು ಹೂಳಬೇಕಾಯಿತು. ನೀನೇ ಕೇಳಿದ್ದೆ. ಆ ಹೊಲದ ನಿಂಗೇಗೌಡರು ಆಗ ಬದುಕಿದ್ದರು. "ಸಿದ್ದನಿಗೆ ನೆಳ್ಳು ಬ್ಯಾಡ ಅನ್ನಕ್ಕಾದದಾ, ಮಾಡ್ರಪ್ಪ" ಎಂದುಬಿಟ್ಟರು. ಆದರೆ ಈ ವರ್ಷ ಅವರ ಮಗ ಮಂಜ ಮನೆಬಾಗಿಲಿಗೆ ಬಂದು ನಿಂತ.

"ಅಣ್ಣ, ಬ್ಯಾಸರ ಮಾಡ್ಕಬ್ಯಾಡಿ. ತಂತಿ ಬೇಲಿ ಹಾಕುಸ್ತಾ ಇವ್ನಿ. ಸಿದ್ದಣ್ಣನ ಗೋರಿ ಒಳೀಕೆ ಬತ್ತದೆ. ನಿಮ್ ಕಡೀಕೆ ಎತ್ತಾಕಳಿ."

"ಎತ್ತಾಕಕ್ಕೆ ಅವ್ನೇನ್ ಹುಲ್ಲಿನ ಹೊರೆಯೇನ್ಲಾ?"

"ಕಲ್ಲು ನೆಟ್ಟೋರು ನೀವೇ ಅಲ್ವಾ ಅಣ್ಣ?"

ಅಪ್ಪನನ್ನು ಹಳ್ಳ ಕಿತ್ತುಕೊಂಡು ಹೋಯಿತು, ಮಗನನ್ನು ನಾವೇ ಕಿತ್ತು ಹಾಕುವುದೆ? ಅದೂ ನಾವೇ ನೆಟ್ಟ ಕಲ್ಲು ತೋರಿಸಿ? ಅಳತೆಗೆ ಅರ್ಜಿ ಹಾಕಿದೆ. ತಮಟೆಯವರಿಗೂ ಹೇಳಿಟ್ಟೆ, ಸೋತರೆ ಅಲ್ಲೇ ಧರಣಿ ಕೂರುವುದೆಂದು.

ಅಳತೆಗೆ ಬಂದದ್ದು ನಾಗಮಂಗಲದ ಹುಡುಗಿ, ಪವಿತ್ರಾ ಎಂಬ ಸರ್ವೇಯರು. ಸ್ಕೂಟರಿನಿಂದ ಇಳಿಸಿದ್ದು ಒಂದೇ ಒಂದು ಕೋಲು, ಅದರ ತುದಿಯಲ್ಲಿ ಬೋಗುಣಿ ಕವುಚಿದಂಥ ಬಿಳಿ ಗುಂಡು. ನಾನು ಪಂಚೆ ಎತ್ತಿ ಕಟ್ಟಿ ಹೋಗಿ ನಿಂತೆ.

"ಸರಪಳಿ ಕೊಡವ್ವ. ನಾನು ಯಾವ ತುದಿ ಹಿಡೀಲಿ?"

"ಸರಪಳಿ ಇಲ್ಲ ತಾತ. ಇದ್ರ ಇನ್ನೊಂದು ತುದಿ ಮ್ಯಾಲದೆ, ಉಪಗ್ರಹದಲ್ಲಿ. ನೀವು ನೆಳ್ಳಲ್ಲಿ ಕೂತ್ಕಳಿ."

ಸುತ್ತ ನಿಂತವರೆಲ್ಲ ನಕ್ಕರು. ವಯಸ್ಸಾಯಿತು ಎಂದು ಡಾಕ್ಟರು ಹೇಳಿದಾಗ ನಾನು ನಂಬಿರಲಿಲ್ಲ, ಆಗ ನಂಬಿದೆ. ಹಿಡಿಯಲು ತುದಿಯೇ ಇಲ್ಲದ ಕಾಲಕ್ಕೆ ಬಂದುಬಿಟ್ಟಿದ್ದೆ. ಹೋಗಿ ನಿನ್ನ ಪಕ್ಕ, ಹೊಂಗೆ ಮರದ ಕೆಳಗೆ ಕೂತೆ. ಆ ಹುಡುಗಿ ಕೋಲು ಹಿಡಿದು ಗಡಿಯುದ್ದಕ್ಕೂ ಒಬ್ಬಳೇ ನಡೆದಳು, ನೆತ್ತಿಯ ಮೇಲೆ ಆ ದುಂಡನೆಯ ಗುಂಡು ಅಲುಗದಂತೆ. ನಿನ್ನಪ್ಪ ನಡೆದ ಹಾಗೇ ಇತ್ತು. ಇವಳನ್ನು ಮಾತ್ರ ಯಾರೂ ಬಿಟ್ಟಿ ನಡೆಸಿರಲಿಲ್ಲ, ಸಂಬಳ ತೆಗೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ನಡೆಯುತ್ತಿದ್ದಳು.

ನಡೆದು ಮುಗಿಸಿ ಕೇಳಿದಳು, "ಈ ಕಡೆ ಕಲ್ಲು ಯಾರು ನೆಟ್ಟಿದ್ದು?"

"ನಾವೇ ಕಣವ್ವ."

"ನಿಮ್ಮ ಜಾಗದೊಳಗೇ ನೆಟ್ಕಂಡಿದ್ದೀರಲ್ಲ ತಾತ. ಗಡಿ ಇನ್ನೂ ಮೂರು ಮಾರು ಆಚೀಗದೆ. ಆ ಮರ, ಗೋರಿ ಎಲ್ಲಾ ನಿಮ್ದೇ."

ಮೊದಲು ನಂಬಲಿಲ್ಲ. ಆಮೇಲೆ ನಾಲೆ ನೆನಪಾಯಿತು, ಪಾಚಿ ನೆನಪಾಯಿತು. ನೆನೆದ ಸೆಣಬು ಕುಗ್ಗುತ್ತದೆ ಎಂಬುದು ದನ ಕಟ್ಟುವ ಮಗುವಿಗೂ ಗೊತ್ತು. ಊರಿಗೆಲ್ಲ ತಿಳಿವಳಿಕೆ ಹೇಳುತ್ತಿದ್ದ ನಮಗೆ ಗೆಲುವಿನ ಅಮಲಿನಲ್ಲಿ ಅದೇ ಹೊಳೆಯಲಿಲ್ಲ. ನಿನ್ನ ಹಗ್ಗ ಸುಳ್ಳು ಹೇಳಿತ್ತು ಅಣ್ಣ, ಸರ್ಕಾರದ ಕಾಗದ ನಿಜ ಹೇಳಿತ್ತು. ಇದನ್ನು ಯಾವ ಮುಖದಲ್ಲಿ ಬರೆಯಲಿ? ನಕ್ಕು ನಕ್ಕು ಕೆಮ್ಮು ಬಂತು. ಮಂಜ ತಲೆ ಕೆರೆದುಕೊಂಡ.

"ಅಂಗಾದ್ರೆ ಇಷ್ಟು ವರ್ಸ ನಿಮ್ ನೆಲದಲ್ಲಿ ಹುರುಳಿ ಬೆಳ್ಕಂಡು ತಿಂದೋರು ನಾವಾ?"

"ಊ ಕಣ್ಲಾ. ನಿಮ್ಮಪ್ಪ ಅಷ್ಟು ಗಟ್ಟಿಯಾಗಿದ್ದದ್ದು ಯಾಕೆ ಅನ್ಕಂಡಿದ್ದೆ?"

ಅವನೂ ನಕ್ಕ. ಹಾರೆ ತಂದು ಹಳೇ ಕಲ್ಲುಗಳನ್ನು ತಾನೇ ಮೀಟಿದ.

ಪವಿತ್ರಾ ಹೊರಡುವಾಗ ನಕ್ಷೆಯನ್ನು ಮೊದಲು ನನಗೆ ತೋರಿಸಿದಳು. "ನಮ್ಮಜ್ಜನೂ ಸರಪಳಿ ಹಿಡೀತಿದ್ರು ತಾತ. ನಕ್ಷೆ ಎಂಗಿರ್ತದೆ ಅಂತ ಅವ್ರಿಗೆ ಯಾರೂ ಒಂದಿನ ತೋರಿಸ್ನಿಲ್ವಂತೆ." ಆಮೇಲೆ ಅದನ್ನೇ ನನ್ನ ಫೋನಿಗೂ ಹಾಕಿಕೊಟ್ಟಳು. ಅದರೊಳಗೆ ಒಂದು ನೀಲಿ ಚುಕ್ಕೆ ಇದೆ, ಅದು ನಾನಂತೆ. ನಾನು ನಡೆದರೆ ನಡೆಯುತ್ತದೆ, ನಿನ್ನ ಬಳಿ ನಿಂತರೆ ನಿಲ್ಲುತ್ತದೆ. ಉಪಗ್ರಹದ ತುದಿ ಹಿಡಿದವನು ನೀನೇ ಎಂದು ಯಾರೋ ಹೆಂಗಸರು ಕಣ್ಣೊರೆಸಿಕೊಂಡರು. ನಾನು ಒಪ್ಪಲಿಲ್ಲ. ಆಕಾಶದಲ್ಲಿ ಜಾಗ ಕೊಡುತ್ತೇವೆ ಎಂದವರನ್ನೆಲ್ಲ ಓಡಿಸಿ ನೆಲ ಕೇಳಿದವನು ನೀನು. ನೆಲದಲ್ಲೇ ಇದ್ದೀಯ, ಈಗ ನಕ್ಷೆಯಲ್ಲೂ ಇದ್ದೀಯ.

ನಿನಗೂ ಹೊಸ ಗಡಿಗೂ ನಡುವೆ ಒಬ್ಬನಿಗೆ ಆಗುವಷ್ಟು ಜಾಗ ಮಿಕ್ಕಿದೆ. ಅದು ನನಗೆ ಎಂದು ಕೇರಿಯವರಿಗೆ ಹೇಳಿದ್ದೇನೆ. ಅವಸರ ಪಡಬೇಡ, ಈ ಫೋನು ಕಲಿಯುವುದೇ ಇನ್ನೂ ಬಾಕಿ ಇದೆ. ಭಾನುವಾರ ಕಲ್ಲು ನೆಡುತ್ತೇವೆ. ತಮಟೆ ಇರುತ್ತದೆ, ಘೋಷಣೆ ಇರುತ್ತದೆ, ಮಂಜನೂ ಬರುತ್ತಾನೆ. ಹಗ್ಗ ಮಾತ್ರ ತರುವುದಿಲ್ಲ, ಮಾತು ಕೊಡುತ್ತೇನೆ.

ನಿನ್ನ ಇನ್ನೊಂದು ತುದಿಯವನು,
ನಂಜುಂಡ